ಯಂತ್ರ ಎಳೆಯುವುದು ಬೇರೆ, ಮನುಷ್ಯ ಸೇದುವುದು ಬೇರೆ

ಸುತ್ತಿಕೊಂಡು ಸೇದುವ ತಂಬಾಕು ಸಿದ್ಧ ಸಿಗರೇಟಿಗಿಂತ ಸೌಮ್ಯ ಎಂದು ನಿಮ್ಮ ಲೇಖನದಲ್ಲಿದೆ. ದಯವಿಟ್ಟು ಆ ಸಾಲು ತಿದ್ದಿ. ಎರಡರಲ್ಲೂ ಎಲೆ ಹೆಚ್ಚುಕಡಿಮೆ ಅದೇ: ವರ್ಜೀನಿಯಾ, ಬರ್ಲಿ, ಓರಿಯೆಂಟಲ್ ಎಂಬ ತಂಬಾಕಿನ ಬಗೆಗಳು. ಬದಲಾಗುವುದು ಕತ್ತರಿಸುವ ಬಗೆ ಮತ್ತು ತೇವ. ಐರೋಪ್ಯ ಒಕ್ಕೂಟದ 2011ರ ತೆರಿಗೆ ನಿಯಮದಲ್ಲಿ, ತೂಕದ ಶೇ 25ಕ್ಕಿಂತ ಹೆಚ್ಚು ಭಾಗ 1.5 ಮಿ.ಮೀ.ಗಿಂತ ಕಿರಿದಾಗಿ ಕತ್ತರಿಸಿದ್ದರೆ ಅದು ಸುತ್ತುವ ತಂಬಾಕು. ಪೈಪಿನಲ್ಲಿ ಸೇದುವ ತಂಬಾಕಿನ ಕತ್ತರಿಕೆ ಸಾಮಾನ್ಯವಾಗಿ ಒರಟು. ಕೆಲವು ಬಗೆಗಳಲ್ಲಿ ಎಲೆಗಳನ್ನು ಒಟ್ಟಿ, ಬಿಸಿ ಮಾಡಿ, ಗಟ್ಟಿಯಾಗಿ ಒತ್ತಿ, ಆಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾರೆ. ಇನ್ನು ತೇವದ ಹದ: ಒಂದು ಚಿಟಿಕೆ ಹಿಸುಕಿ ಬಿಟ್ಟರೆ ಉಂಡೆಯಾಗಿಯೇ ಕೂರಬಾರದು, ಪುಡಿಯೂ ಆಗಬಾರದು, ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ಆ ಹದ ಉಳಿಯಲೆಂದೇ ಗ್ಲಿಸರಿನ್‌ನಂಥವನ್ನು ಬೆರೆಸುವುದು.

ಹೊಗೆಯಲ್ಲಿರುವ ಟಾರ್ (ಅಂಟು ಮಡ್ಡಿ), ನಿಕೋಟಿನ್ ಅಳತೆಯಲ್ಲೇ ನಿಜವಾದ ತೊಡಕು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ (ಐಎಸ್‌ಒ) ಮಾನಕದಂತೆ ಪರೀಕ್ಷೆಗೆ ಸಿಗರೇಟು ಸೇದುವ ಯಂತ್ರ ನಿಮಿಷಕ್ಕೊಮ್ಮೆ, 2 ಸೆಕೆಂಡು, 35 ಮಿ.ಲೀ. ಹೊಗೆ ಎಳೆಯುತ್ತದೆ. ಹಾಗೆ ಯಾರು ಸೇದುತ್ತಾರೆ? ಅದರ ಮೇಲೆ ಕೈಯಲ್ಲಿ ಸುತ್ತುವವರು ಎಷ್ಟು ತುಂಬುತ್ತಾರೆ, ಎಷ್ಟು ಬಿಗಿ, ಹಾಳೆ ಎಂಥದ್ದು, ಫಿಲ್ಟರ್ ಇದೆಯೋ ಇಲ್ಲವೋ, ಇದೆಲ್ಲದರ ಮೇಲೆ ಟಾರ್, ನಿಕೋಟಿನ್ ಏರಿಳಿಯುತ್ತವೆ. ಪ್ರಯೋಗಾಲಯ ನಿಗದಿತ ತೂಕ ತುಂಬಿ ಪರೀಕ್ಷಿಸಿದ ಅಂಕಿಯನ್ನು ಸೇದುವವರ ಎದೆಯೊಳಗಿನ ಲೆಕ್ಕ ಎಂದು ಓದುಗರಿಗೆ ಕೊಡಬೇಡಿ.