ಬಿಟ್ಟು ಹೋಗಿ, ಸಂಜೆ ಬನ್ನಿ
ಮ್ಯೂನಿಕ್‌ನ ನಮ್ಮ ಬಡಾವಣೆಯ ರಿಪೇರಿ ಕೆಫೆಗೆ (ಕೆಟ್ಟ ವಸ್ತುಗಳನ್ನು ಸ್ವಯಂಸೇವಕರ ನೆರವಿನಿಂದ ರಿಪೇರಿ ಮಾಡಿಕೊಳ್ಳುವ ಜಾಗ) ಹಳೆಯ ಲ್ಯಾಪ್‌ಟಾಪ್ ಹಿಡಿದು ಹೋದಾಗ, ಅಲ್ಲಿದ್ದ ನಿವೃತ್ತ ಎಂಜಿನಿಯರರು ಅದನ್ನು ಮುಟ್ಟಲೇ ಇಲ್ಲ. ಪಕ್ಕದ ಕುರ್ಚಿ ತೋರಿಸಿ, ಹೇಳಿಕೊಡುವುದು ತಮ್ಮ ಕೆಲಸ, ಮಾಡುವುದು ನನ್ನ ಕೆಲಸ ಎಂದರು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಈ ಪದ್ಧತಿಯ ಗುಟ್ಟೇ ಇದು ಎಂದು ನನಗೆ ಅಂದು ಮನದಟ್ಟಾಯಿತು.

ನನ್ನದು 2016ರ ಲ್ಯಾಪ್‌ಟಾಪ್, ಆರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ನಿತ್ಯದ ಕೆಲಸಕ್ಕೆ ಏನೂ ಕೊರತೆಯಿಲ್ಲ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಯುರೋಪಿನ ಗ್ರಾಹಕರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಉಚಿತವಾಗಿ ಸಿಕ್ಕರೂ ಅದು ಬರೀ ಮುಂದೂಡಿಕೆ. ಆದ್ದರಿಂದ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕುವುದೆಂದಾಯಿತು.

ಅವರು ಮೊದಲು ಎಲ್ಲ ಫೈಲುಗಳನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಸಿದರು. ಅಷ್ಟಕ್ಕೇ ಬಿಡದೆ, ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿಸಿ, ಅಲ್ಲೊಂದು ಇಲ್ಲೊಂದು ಫೋಟೊ ತೆರೆಸಿ ನೋಡಿದ ಮೇಲೆಯೇ ಮುಂದುವರಿದರು. ಬಳಿಕ ಮಿಂಟ್ ತುಂಬಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಸಿ, ಒಳಗಿನ ಡಿಸ್ಕನ್ನು ಮುಟ್ಟದೆಯೇ ವೈಫೈ, ಕ್ಯಾಮೆರಾ, ಧ್ವನಿ ಎಲ್ಲವನ್ನೂ ಪರೀಕ್ಷಿಸಲು ಹೇಳಿದರು. ಡಿಸ್ಕ್ ಅಳಿಸಲೇ ಎಂದು ಪರದೆ ಕೇಳಿದಾಗ ಉತ್ತರಿಸಿದ್ದು ನಾನೇ, ಏನು ಅಳಿಯುತ್ತದೆಂದು ಪೂರ್ತಿ ತಿಳಿದು.

ನಮ್ಮೂರಿನಲ್ಲಿ ಅಪ್ಪ ಲ್ಯಾಪ್‌ಟಾಪನ್ನು ಅಂಗಡಿಗೆ ಕೊಟ್ಟಾಗ ಬಂದ ಮಾತು, ‘ಬಿಟ್ಟು ಹೋಗಿ ಸರ್, ಸಂಜೆ ಬನ್ನಿ.’ ಸಂಜೆ ಹೊಸ ವಿಂಡೋಸ್ ಏನೋ ಇತ್ತು. ಡೆಸ್ಕ್‌ಟಾಪ್ ಮೇಲಿದ್ದ, ಅಪ್ಪ ವರ್ಷಗಟ್ಟಲೆ ಕೂಡಿಸಿದ್ದ ವಂಶಾವಳಿ ಮಾಯವಾಗಿತ್ತು. ‘ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿದ್ದು ಸರ್, ಡಿ ಹಾಗೇ ಇದೆ’ ಎಂದರಂತೆ. ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತದೆ ಎಂಬುದನ್ನು ಎಪ್ಪತ್ತು ದಾಟಿದ ಹಿರಿಯರಿಗೆ ಬೆಳಿಗ್ಗೆಯೇ ಹೇಳಲು ಎಷ್ಟು ಹೊತ್ತು ಬೇಕಿತ್ತು? ಬುದ್ಧಿವಂತರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ವ್ಯವಧಾನ ನಮಗೇಕಿಲ್ಲ ಎಂದು ನನಗೆ ಇಂದಿಗೂ ಬೇಸರವಾಗುತ್ತದೆ.

ಇಲ್ಲಿನ ರಿಪೇರಿ ಕೆಫೆ ತೆರೆಯುವುದು ತಿಂಗಳಿಗೊಮ್ಮೆ, ಅದೂ ಮೊದಲೇ ಹೆಸರು ಬರೆಸಿದವರಿಗೆ ಎಂಬುದನ್ನೂ ಹೇಳಬೇಕು. ಮದರ್‌ಬೋರ್ಡ್ ಕೆಟ್ಟರಂತೂ ಹೊಸದನ್ನೇ ಕೊಳ್ಳಿ ಎನ್ನುತ್ತಾರೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಭೂತಗನ್ನಡಿಯ ಕೆಳಗೆ ಒಂದೇ ಒಂದು ಚಿಪ್ (ಐಸಿ) ಬದಲಿಸಿ ಅದಕ್ಕೆ ಮತ್ತೆ ಜೀವ ಕೊಡುವವರಿದ್ದಾರೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದ ನನ್ನ ಲೇಖನಗಳು ಮಿಂಟ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡಾಗ, ಇಲ್ಲಿನ ಆ ಸಹನಶೀಲ ಎಂಜಿನಿಯರರಿಂದ ಏನೂ ಆಗಲಿಲ್ಲ. ಅವನ್ನು ಇಂದಿನ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿಗೆ ಪರಿವರ್ತಿಸುವ ಬಗೆಯನ್ನು ಫೋನಿನಲ್ಲೇ, ಒಂದೊಂದೇ ಹೆಜ್ಜೆಯಾಗಿ, ನಾನು ಮಾಡಿ ಮುಗಿಸುವವರೆಗೂ ಹೇಳಿಕೊಟ್ಟವನು ನಮ್ಮೂರಿನ ಡಿಟಿಪಿ ಅಂಗಡಿಯ ಹುಡುಗ. ದುಡ್ಡಿನ ಮಾತೆತ್ತಿದರೆ, ‘ಇದಕ್ಕೆಲ್ಲ ಏನ್ ಸರ್’ ಎಂದು ಫೋನ್ ಇಟ್ಟ.