ಮೀನಾ ಎಲ್ಲ್ಯಾವ್ರಿ?

ಕಲಬುರಗಿಯಲ್ಲಿ ಬೇಸಿಗೆಗೆ ಯಾರಾದರೂ ಮನೆಗೆ ಬಂದರೆ ಮೊದಲು ಕೂಲರ್ ಮುಂದೆ ಕೂಡುತ್ತಾರೆ. ಆಮೇಲೆ ನೀರು ಕೇಳುತ್ತಾರೆ. ಮಾತು ಏನಿದ್ದರೂ ಅದಾದ ಮೇಲೆ. ನಮ್ಮ ಮನೆಯಲ್ಲಿ ಈಗ ನಡುವೆ ಇನ್ನೊಂದು ಸೇರಿಕೊಂಡಿದೆ. ಗಾಜಿನ ತೊಟ್ಟಿಯ ಮುಂದೆ ಬಗ್ಗಿ, "ಮೀನಾ ಎಲ್ಲ್ಯಾವ್ರಿ?" ಅಂತ ಕೇಳುವುದು.

ಇವೆ. ಪರ್ಲ್ ಗೌರಾಮಿ ಅಂತ ಜಾತಿ. ಥಾಯ್ಲೆಂಡ್, ಮಲೇಷ್ಯಾ, ಸುಮಾತ್ರಾ ಕಡೆಯವು. ಕಂದು ಮೈ, ಅದರ ತುಂಬ ಬಿಳಿ ಚುಕ್ಕೆ, ಗಂಡಿಗೆ ಕೆಂಪು ಕೊರಳು. ಹೊಟ್ಟೆಯ ಕೆಳಗೆ ದಾರದಂಥ ಎರಡು ಉದ್ದ ರೆಕ್ಕೆ. ಅದನ್ನು ಮುಂದೆ ಚಾಚಿ ಪ್ರತಿಯೊಂದನ್ನೂ ಮುಟ್ಟಿ ನೋಡಿಯೇ ಮುಂದೆ ಹೋಗುತ್ತವೆ. ಅಂಗಡಿಯಲ್ಲಿ ಆರಾಮಾಗಿ ತಿರುಗಾಡುತ್ತಿದ್ದವು. ನಮ್ಮ ಮನೆಗೆ ಬಂದದ್ದೇ ತಡ, ಫಿಲ್ಟರಿನ ಹಿಂದೆ ಹೋಗಿ ನಿಂತವು. ಈ ಜಾತಿಗೆ ಮೇಲೆ ಬಂದು ಗಾಳಿ ನುಂಗುವ ಅಭ್ಯಾಸ ಇದೆ, ಅದಕ್ಕಂತಲೇ ತಲೆಯೊಳಗೆ ಒಂದು ಅಂಗವೂ ಇದೆ. ಹಾಗಾಗಿ ಆಗಾಗ ಒಂದು ಸರ್ರನೆ ಮೇಲೆ ಬಂದು, ಒಂದು ಗುಳ್ಳೆ ಬಿಟ್ಟು, ಮತ್ತೆ ಮಾಯ. ನಾವು ದುಡ್ಡು ಕೊಟ್ಟು ತಂದದ್ದು ಗುಳ್ಳೆ ನೋಡುವುದಕ್ಕೆ ಅನ್ನುವಂತಾಯಿತು. ಪಕ್ಕದ ಮನೆಯವರಂತೂ, "ಬರೇ ನೀರೇ ಸಾಕೀರಿ ಅಲ್ರೀ! ಛಲೋ ಆಯ್ತ ಬಿಡ್ರಿ, ಮನಿ ತಂಪ್ ಇರ್ತದ" ಅಂದರು.

ಅಪ್ಪನಿಗೆ ಬೇರೆ ಚಿಂತೆ. ಮೀನು ಕಾಣುತ್ತಿಲ್ಲ ಅಂದರೆ ಉಪವಾಸ ಇವೆ ಅಂತ ಅರ್ಥ. ನಾನು ಆಫೀಸಿಗೆ ಹೋದ ಮೇಲೆ ಚಿಟಿಕೆ ಚಿಟಿಕೆಯಾಗಿ ಕಾಳು ಹಾಕಿ ಹಾಕಿ ನೀರು ಕದಡಿ ಹೋಯಿತು. ತಿನ್ನದೇ ಉಳಿದ ಕಾಳು ಕೊಳೆತರೆ ಅಮೋನಿಯಾ ಆಗುತ್ತದೆ, ಮೀನಿಗೆ ಅದು ವಿಷ. ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದೆ. ಅಪ್ಪ ಸ್ಟೂಲ್ ತಂದರು.

ಮೀನಿನ ಅಂಗಡಿಯವನು ಒಳ್ಳೆಯ ಮಾತು ಹೇಳಿದ. "ಅಡಗಲಕ್ಕ ಜಾಗ ಜಾಸ್ತಿ ಇದ್ರೇನೇ ಮೀನ ಹೊರಗ ಬರ್ತಾವ್ರಿ." ಯಾವಾಗ ಬೇಕಾದರೂ ಓಡಿಹೋಗಿ ಸೇರಿಕೊಳ್ಳಬಹುದು ಅನ್ನುವ ಧೈರ್ಯ ಇದ್ದರೆ ಮಾತ್ರ ಅದು ಬಯಲಿಗೆ ಬರುತ್ತದಂತೆ. ಇದನ್ನು ಮನೆಯಲ್ಲಿ ಹೇಳಿದರೆ ಅಪ್ಪ ನಕ್ಕರು. "ಮೊದ್ಲೇ ಕಾಣವಲ್ಲವು, ನೀ ಇನ್ನಾ ಅಡಗಲಕ್ಕ ಮನಿ ಕಟ್ಟಿಕೊಡ್ಲಕತ್ತಿ!" ನಕ್ಕರೂ ಸುಮ್ನೆ ಕೂಡಲಿಲ್ಲ. ಮನೆ ಕಟ್ಟಿದಾಗ ಉಳಿದಿದ್ದ ಶಹಾಬಾದ್ ಕಲ್ಲಿನ ತುಂಡುಗಳನ್ನು ಹಿತ್ತಿಲಿನಿಂದ ತಂದು, ತೊಳೆದು, ಗುಹೆ ಕಟ್ಟಲು ಸಜ್ಜಾದರು.

ಆ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಇಷ್ಟು ಸಿಮೆಂಟ್ ಕಾರ್ಖಾನೆ ಇರುವುದೇ ಆ ಸುಣ್ಣದ ಕಲ್ಲಿನ ದೆಸೆಯಿಂದ. ನೀರಲ್ಲಿಟ್ಟರೆ ನಿಧಾನಕ್ಕೆ ಕರಗಿ ನೀರು ಇನ್ನೂ ಗಡಸಾಗುತ್ತದೆ. ನಮ್ಮ ಬೋರ್ ನೀರು ಮೊದಲೇ ಬಕೆಟ್ಟಿಗೆ ಬಿಳಿ ಪದರ ಹಿಡಿಸುವಂಥದ್ದು. ಅಪ್ಪ ನಂಬಲಿಲ್ಲ. ಕಲ್ಲಿನ ಮೇಲೆ ನಿಂಬೆಹಣ್ಣು ಹಿಂಡಿ ತೋರಿಸಿದೆ. ಸಣ್ಣಗೆ ಗುಳ್ಳೆ ಎದ್ದಿತು. "ಹುಟ್ಟಿದಾಗಿಂದ ಇದರ ಮ್ಯಾಲೇ ಮಲಗೀವಿ, ಉಂಡೀವಿ, ನಮಗೇನಾಗ್ಯದ?" ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಒಡೆದ ಮಣ್ಣಿನ ಗಡಿಗೆಯ ಅರ್ಧ ಭಾಗ ಬೋರಲು ಹಾಕಿದೆವು, ಕುದಿಸಿದ ತೆಂಗಿನ ಚಿಪ್ಪು ಒಂದು ಮೂಲೆಗೆ. ನೀರಿನ ಮೇಲೆ ಅಂತರಗಂಗೆ ಬಿಟ್ಟೆವು. ಅದರ ಬೇರು ಕೆಳಗೆ ಇಳಿಬಿದ್ದು ನೆರಳಾಯಿತು. ಮೇಲಿಂದ ಬಯಲು ಬಯಲಾಗಿದ್ದರೆ ಮೀನಿಗೆ ಹಕ್ಕಿಯ ಭಯ. ಹಾಲ್‌ನಲ್ಲಿ ಕೊಕ್ಕರೆ ಇಲ್ಲ ಅಂತ ಅದಕ್ಕೆ ಹೇಳುವವರಾರು?

ಹಿಂದೆ ಮತ್ತು ಎರಡು ಪಕ್ಕ, ಮೂರೂ ಕಡೆ ಗಾಜು ಮುಚ್ಚಬೇಕು, ಎದುರು ಒಂದೇ ತೆರೆದಿರಬೇಕು. ಕಪ್ಪು ಹಾಳೆ ತರೋಣ ಅಂದರೆ ಅಮ್ಮ ಹೋದ ವರ್ಷದ ಕ್ಯಾಲೆಂಡರ್ ಕೊಟ್ಟರು. ಅದರಲ್ಲಿ ಶರಣಬಸವೇಶ್ವರರ ಚಿತ್ರ. ಗೋಡೆ ಕಡೆ ಮುಖ ಮಾಡಿ ಅಂಟಿಸುವುದು ಬೇಡ ಅಂತ ಹಟ ಹಿಡಿದರು. ಹಾಗಾಗಿ ನಮ್ಮ ಗೌರಾಮಿಗಳಿಗೆ ಈಗ ಮೂರು ಹೊತ್ತೂ ದರ್ಶನ.

ಇಷ್ಟಾದರೂ ಹೊರಗೆ ಬರಲಿಲ್ಲ. ಕಾರಣ ಕೂಲರ್. ಮೀನಿನ ಎರಡೂ ಪಕ್ಕ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ನೀರಿನ ಸಣ್ಣ ನಡುಕವೂ ಅದಕ್ಕೆ ತಿಳಿಯುತ್ತದೆ. ನಮ್ಮ ಕಬ್ಬಿಣದ ಕೂಲರ್ ಶುರುವಾದರೆ ಕಿಟಕಿಯ ಗಾಜೇ ಗಡಗಡ ಅನ್ನುತ್ತದೆ, ಇನ್ನು ಪಾಪ ಮೀನಿನ ಗತಿ ಏನು? 43 ಡಿಗ್ರಿ ಬಿಸಿಲಲ್ಲಿ ಕೂಲರ್ ಆರಿಸಿ ಅಂತ ಬಾಯಿ ಬಿಡುವ ಧೈರ್ಯ ನನಗಿಲ್ಲ. ತೊಟ್ಟಿಯನ್ನೇ ಎದುರಿನ ಗೋಡೆಗೆ ಸರಿಸಿದೆವು. ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ, ಎತ್ತರದ ತೊಟ್ಟಿ ಅಂದರೆ ಸುಮಾರು 55 ಲೀಟರ್ ನೀರು. ಬಕೆಟ್, ಕೊಡ, ಕುಕ್ಕರ್, ಎಲ್ಲದರಲ್ಲೂ ತುಂಬಿಟ್ಟೆವು. ಕುಕ್ಕರಿನ ನೀರಲ್ಲಿ ಅಮ್ಮ ಬೇಳೆ ಹಾಕುವುದರಲ್ಲಿದ್ದರು. ಕಲಬುರಗಿ ತೊಗರಿ, ಅದೂ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿರುವಂಥದ್ದು. ಸ್ವಲ್ಪದರಲ್ಲಿ ಉಳಿಯಿತು.

ಎದುರಿನ ಗೋಡೆಯ ಆಚೆ ಅಡುಗೆ ಮನೆ. ಮರುದಿನ ಹೊತ್ತಿಗೆ ಸರಿಯಾಗಿ ಅಮ್ಮ ಜೋಳದ ರೊಟ್ಟಿ ಬಡಿಯಲು ಕುಳಿತರು. ಟಪ್ ಟಪ್ ಟಪ್. ಗಡಿಗೆಯೊಳಗೆ ಗೌರಾಮಿಗಳು ಒಂದರ ಮೇಲೊಂದು. ನಾನು ಮೆಲ್ಲಗೆ ವಿಷಯ ತೆಗೆದೆ.

"ಮೀನಿನ ಸಲುವಾಗಿ ರೊಟ್ಟಿ ಬಿಡ್ಬೇಕೇನು?"

ಈ ಪ್ರಶ್ನೆಗೆ ಈ ಭಾಗದಲ್ಲಿ ಒಂದೇ ಉತ್ತರ ಇದೆ.

ರಾತ್ರಿ ಕರೆಂಟ್ ಹೋಗಿ ಬಂದಾಗ ತೊಟ್ಟಿಯ ಲೈಟ್ ಪಟ್ಟನೆ ಹತ್ತಿ ಇನ್ನೊಂದು ಗದ್ದಲ. ಮೀನಿಗೆ ರೆಪ್ಪೆ ಇಲ್ಲ, ಕಣ್ಣು ಮುಚ್ಚಲು ಬರುವುದಿಲ್ಲ. ಗಾಬರಿಯಿಂದ ಹೋಗಿ ಗಾಜಿಗೆ ಬಡಿದುಕೊಂಡವು. ಈಗ ಮಲಗುವ ಮುಂಚೆ ಆ ಸ್ವಿಚ್ ಆರಿಸುವುದು, ಬೆಳಿಗ್ಗೆ ಮೊದಲು ಹಾಲ್ ಲೈಟ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೊಟ್ಟಿಯದು ಹಾಕುವುದು ರೂಢಿಯಾಗಿದೆ.

ನಿಜವಾದ ಉಪಕಾರ ಮಾಡಿದ್ದು ಜೀಬ್ರಾ ಡ್ಯಾನಿಯೋಗಳು. ಬೆರಳಿನಷ್ಟೂ ಉದ್ದ ಇಲ್ಲದ ನೀಲಿ ಪಟ್ಟೆಯ ಮೀನು, ನಮ್ಮ ದೇಶದ ಹಳ್ಳಗಳದ್ದೇ. ಗುಂಪಾಗಿ ತಂದರೆ ಬೆಳಗಿನಿಂದ ಸಂಜೆಯವರೆಗೆ ಮೇಲ್ನೀರಲ್ಲಿ ಓಡಾಟ, ಯಾರ ಹೆದರಿಕೆಯೂ ಇಲ್ಲ. ಗಲಾಟೆಯ ದಿನ ಓಣಿಯಲ್ಲಿ ಹುಡುಗರು ಆಡುವುದು ಕಂಡ ಮೇಲೆ ದೊಡ್ಡವರು ಬಾಗಿಲು ತೆಗೆಯುತ್ತಾರಲ್ವಾ, ಹಾಗೇ ಇವು ಆಡುವುದನ್ನು ನೋಡಿ ಗೌರಾಮಿಗಳು ಗಡಿಗೆಯಿಂದ ಮೂತಿ ಹೊರಗೆ ಹಾಕಿದವು. ಮೊದಲು ದಾರದ ರೆಕ್ಕೆ, ಆಮೇಲೆ ಕೊರಳು, ಆಮೇಲೆ ಪೂರ್ತಿ ಮೈ.

ಆದರೆ ಡ್ಯಾನಿಯೋ ಜಿಗಿಯುವ ಮೀನು, ಮುಚ್ಚಳ ಇರಲೇಬೇಕು. ಆಳಂದದಿಂದ ಬಂದ ನಮ್ಮ ಮಾವ ಮುಚ್ಚಳ ಎತ್ತಿ, ಒಳಗೆ ಬಗ್ಗಿ, "ಮೀನಾ ಎಲ್ಲ್ಯಾವ" ಅನ್ನುವಷ್ಟರಲ್ಲಿ ಒಂದು ಹಾರಿ ಅವರ ಅಂಗಿಯ ಜೇಬಿಗೇ ಬಿತ್ತು. ಮೀನು ಬದುಕಿತು. ಜೇಬಿನಲ್ಲಿದ್ದ ಮೊಬೈಲಿಗೂ ಏನೂ ಆಗಲಿಲ್ಲ. ಮಾವ ಮಾತ್ರ ಈಗ ದೂರ ಕುರ್ಚಿ ಹಾಕಿಕೊಂಡು ಕೂಡುತ್ತಾರೆ.

ರೊಟ್ಟಿಯ ಕಥೆಯೂ ತಿರುಗಿತು. ರೊಟ್ಟಿ ಮುಗಿದ ಮೇಲೆ ಅಮ್ಮ ಕೈ ತೊಳೆದು ಒಂದು ಚಿಟಿಕೆ ಕಾಳು ಹಾಕಿ ಬರುತ್ತಿದ್ದರು. ಬರಬರುತ್ತ ಟಪ್ ಟಪ್ ಸದ್ದು ಕೇಳಿದರೆ ಗೌರಾಮಿಗಳು ಓಡಿಹೋಗುವ ಬದಲು ಎದುರಿನ ಗಾಜಿಗೆ ಬಂದು ನಿಲ್ಲತೊಡಗಿದವು. ಊಟದ ಹೊತ್ತಿನ ಗುರುತನ್ನು ಮೀನು ಬೇಗ ಹಿಡಿಯುತ್ತದೆ.

ಮೊನ್ನೆ ಸೇಡಂನಿಂದ ಪರಿಚಯದವರೊಬ್ಬರು ಮೀನು ನೋಡಲೆಂದೇ ಬಂದರು. ಅವತ್ತು ಮನೆಯಲ್ಲಿ ಅನ್ನ. ಗೌರಾಮಿಗಳು ಗಡಿಗೆಯೊಳಗೆ. ಅವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ನಾನು ಅಡುಗೆ ಮನೆಗೆ ಹೋಗಿ ಖಾಲಿ ಪರಾತ ಇಟ್ಟುಕೊಂಡು ಎರಡೂ ಕೈಯಿಂದ ಬಡಿಯತೊಡಗಿದೆ. ಟಪ್ ಟಪ್ ಟಪ್.

ಹಾಲ್‌ನಿಂದ ಕೂಗಿದರು. "ರೊಟ್ಟಿ ಬ್ಯಾಡ್ರಿ, ಉಂಡೇ ಬಂದೀನಿ!"