ಹನ್ನೊಂದು ಚುಟ್ಟ, ಒಂದು ಮೋಟು

ಹೆಂಡತಿಯನ್ನು ಮೆಚ್ಚಿಸಲು ಹೋಗಿ ಕಥೆ ಓದಿ ಹೇಳಬಾರದು. ಹೇಳಿದರೂ ಅದು ‘ಸುಲ್ತಾನಾಳ ಕನಸು’ ಆಗಿರಬಾರದು.

ಭಾನುವಾರ ಬೆಳಗ್ಗೆ ಅವಳು ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು, ‘ಒಂದು ಒಳ್ಳೇ ಕಥೆ ಹೇಳ್ತೀನಿ ಕೇಳು’ ಎಂದೆ. ಜೊತೆಗೆ ಕೂತು ಸೊಪ್ಪು ಬಿಡಿಸುವುದಕ್ಕಿಂತ ಅದು ಸುಲಭ ಅಲ್ವಾ?

ಬಂಗಾಳದ ರೊಕೇಯಾ ಸಖಾವತ್ ಹುಸೇನ್ ಬರೆದ ಕಥೆ. 1905ರಲ್ಲಿ ಮದರಾಸಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂತು. ಅದರಲ್ಲಿರುವುದು ಹೆಂಗಸರ ರಾಜ್ಯ. ಆಳುವವಳು ರಾಣಿ, ವಿಶ್ವವಿದ್ಯಾಲಯ ನಡೆಸುವವರೂ ಹೆಂಗಸರೇ. ಹಾರುವ ಗಾಡಿ ಇದೆ. ಅಡುಗೆ ಬಿಸಿಲಿನ ಶಾಖದಲ್ಲೇ ಆಗುತ್ತದೆ, ಹೊಗೆಯ ಮಾತೇ ಇಲ್ಲ. ಗಂಡಸರು? ಮನೆಯೊಳಗೆ, ಮಗು ಆಡಿಸಿಕೊಂಡು, ಅಡುಗೆ ಮಾಡಿಕೊಂಡು. ಬೀದಿಯಲ್ಲಿ ನಡೆಯಲು ನಾಚುವ ಸುಲ್ತಾನಾಳನ್ನು ಕಂಡು ಅಲ್ಲಿಯ ಹೆಂಗಸರು, ಥೇಟ್ ಗಂಡಸಿನ ಹಾಗಿದ್ದಾಳೆ ಎಂದು ನಗುತ್ತಾರೆ. ಅಂದರೆ ಅಂಜುಬುರುಕಿ ಅಂತ.

ಇಲ್ಲಿಯವರೆಗೆ ಅವಳೂ ನಕ್ಕಳು, ನಾನೂ ನಕ್ಕೆ. ಎಡವಟ್ಟಾದದ್ದು ಮುಂದಿನ ಲೆಕ್ಕದಲ್ಲಿ. ಆ ಹೆಂಗಸರು ಕಚೇರಿ ಕೆಲಸವನ್ನು ಎರಡೇ ಗಂಟೆಯಲ್ಲಿ ಮುಗಿಸುತ್ತಾರೆ. ಗಂಡಸರ ಹಾಗೆ ಚುಟ್ಟ ಸೇದುತ್ತ ಕೂರುವುದಿಲ್ಲವಲ್ಲ! ಒಂದು ಚುಟ್ಟ ಉರಿಯಲು ಅರ್ಧ ಗಂಟೆ. ದಿನಕ್ಕೆ 12 ಚುಟ್ಟ ಎಂದರೆ 6 ಗಂಟೆ ಹೊಗೆ.

ಅವಳ ಕೈ ನಿಂತಿತು. ‘ನಿಮಗೆ ಚುಟ್ಟದ ಅಭ್ಯಾಸ ಇಲ್ಲ.’

‘ಇಲ್ವೇ ಇಲ್ಲ’ ಎಂದೆ ಹೆಮ್ಮೆಯಿಂದ.

‘ಫೋನ್ ಕೊಡಿ ಇಲ್ಲಿ.’

ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡಿದೆವು ಎಂದು ಆ ಫೋನೇ ಚಾಡಿ ಹೇಳುತ್ತದೆ. ಇದು ನನಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. 5 ಗಂಟೆ 40 ನಿಮಿಷ.

‘ಹನ್ನೊಂದು ಚುಟ್ಟ, ಒಂದು ಮೋಟು’ ಎಂದಳು.

ಮಾತು ತಿರುಗಿಸಬೇಕಿತ್ತು. ರೊಕೇಯಾ ಅವರ ಗಂಡನನ್ನು ಎಳೆದು ತಂದೆ. ಅವರು ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಕೆಲಸದ ಮೇಲೆ ಊರಿಂದೂರಿಗೆ ಹೋಗಿದ್ದಾಗ, ಮನೆಯಲ್ಲಿ ಒಬ್ಬರೇ ಇದ್ದ ಹೆಂಡತಿ ಸುಮ್ನೆ ಹೊತ್ತು ಕಳೆಯಲು ಬರೆದದ್ದು ಇದು. ಅವರು ವಾಪಸು ಬಂದು, ಇಡೀ ಕಥೆಯನ್ನು ನಿಂತಲ್ಲೇ ಓದಿ ಮುಗಿಸಿ, ‘ಭಯಂಕರ ಸೇಡು!’ ಎಂದರಂತೆ. ‘ಎಂಥ ಗಂಡ ನೋಡು’ ಎಂದೆ.

‘ಹೌದು, ಕೂರದೆ ಓದಿದಾರೆ’ ಎಂದು ನನ್ನ ಕುರ್ಚಿ ನೋಡಿದಳು.

ಎದ್ದೆ. ಎದ್ದವನನ್ನು ಯಾರು ಬಿಡುತ್ತಾರೆ? ‘ಹಾಗೇ ಒಳಗೆ ಹೋಗಿ, ಹಾಲು ಇಟ್ಟಿದ್ದೀನಿ, ನೋಡ್ತಾ ಇರಿ.’

ಹಾಲಿನ ಮುಂದೆ ನಿಂತು ಪುಸ್ತಕ ಬಿಚ್ಚಿದೆ. ಯುದ್ಧದಲ್ಲಿ ಗಂಡಸರ ಸೇನೆ ಸೋತು, ಎಲ್ಲ ಗಂಡಸರೂ ಮನೆಯೊಳಗೆ ಸೇರಿದ್ದಾರೆ. ಆಮೇಲೆ ಪೊಲೀಸ್ ಕಮಿಷನರುಗಳೂ ಜಿಲ್ಲಾ ಮ್ಯಾಜಿಸ್ಟ್ರೇಟುಗಳೂ ರಾಣಿಗೆ ಅರ್ಜಿ ಹಾಕುತ್ತಾರೆ. ತಪ್ಪು ಮಾಡಿದ್ದು ಸೇನೆಯವರು, ನಾವು ನಮ್ಮ ಕೆಲಸ ಬಿಟ್ಟಿಲ್ಲ, ನಮಗ್ಯಾಕೆ ಈ ಶಿಕ್ಷೆ ಅಂತ. ನಿಮ್ಮ ಅಗತ್ಯ ಬಿದ್ದರೆ ಹೇಳಿ ಕಳಿಸುತ್ತೇವೆ, ಅಲ್ಲಿಯವರೆಗೆ ಇದ್ದಲ್ಲೇ ಇರಿ ಎನ್ನುತ್ತಾಳೆ ರಾಣಿ. ಮ್ಯಾಜಿಸ್ಟ್ರೇಟ್ ಗಂಡನಿಗೆ ಇದನ್ನು ಓದಲು ಕೊಟ್ಟ ಹೆಂಡತಿಯ ಧೈರ್ಯ ನೆನೆದು ಜೋರಾಗಿ ನಕ್ಕೆ. ಪಕ್ಕದಲ್ಲಿ ಚುಂಯ್ ಎಂದಿತು.

ಹಾಲು ಎಷ್ಟು ದೂರ ಹರಿಯುತ್ತದೆ ಎಂದು ಒರೆಸಿದವರಿಗೇ ಗೊತ್ತು. ಒಲೆ, ಕಟ್ಟೆ, ಕಟ್ಟೆಯ ಕೆಳಗಿನ ಡಬ್ಬಗಳು, ಡಬ್ಬಗಳ ಹಿಂದಿನ ಗೋಡೆ. ನಡುವೆ ಅವಳು ಬಂದಳು. ಬೈಯಲಿಲ್ಲ. ಪುಸ್ತಕ ತೆಗೆದುಕೊಂಡು, ಸೊಪ್ಪಿನ ತಟ್ಟೆ ಇಟ್ಟು ಹೋದಳು.

ಸೊಪ್ಪೂ ಬಿಡಿಸಿ ಮುಗಿಸಿ ಬಾಗಿಲಲ್ಲಿ ನಿಂತೆ. ಅವಳು ನನ್ನ ಕುರ್ಚಿಯಲ್ಲಿದ್ದಳು. ‘ನೋಡು, ಉಕ್ಕಿದ್ದು ಹಾಲಿನ ತಪ್ಪು. ನಾನಂತೂ ಜಾಗ ಬಿಟ್ಟು ಕದಲಿಲ್ಲ. ಇನ್ನು ಹೊರಗೆ ಬರಲಾ?’

ಪುಟ ತಿರುಗಿಸುತ್ತಾ, ತಲೆ ಎತ್ತದೆ ಹೇಳಿದಳು: ‘ಬೇಕಾದಾಗ ಹೇಳಿ ಕಳಿಸ್ತೀನಿ.’